ಇದು ಉಳುಕಲ್ಲ ಮಾಸ್ಟ್ರೇ

ಮೂಡುಬಿದಿರೆಯ ಆ ದೊಡ್ಡ ಕಾಲೇಜಿನಲ್ಲಿ ಲೋಕನಾಥ ಶೆಟ್ಟರು ನಡೆದು ಬಂದರೆ ಹುಡುಗರು ಎದ್ದು ನಿಲ್ಲುತ್ತಾರೆ. ಬಾಸ್ಕೆಟ್‌ಬಾಲ್ ತಂಡಗಳ ಮುಖ್ಯ ಕೋಚ್. ಹದಿಮೂರು ವರ್ಷಗಳಲ್ಲಿ ಒಂಬತ್ತು ಸಲ ವಿಶ್ವವಿದ್ಯಾಲಯದ ಕಪ್ಪು ಗೆದ್ದವರು. ನಾವು ಮಾತ್ರ ಈ ಕತೆಯಲ್ಲಿ ಅವನನ್ನು ಏಕವಚನದಲ್ಲೇ ಕರೆಯೋಣ. ಕಾರಣ ಮುಂದೆ ತಿಳಿಯುತ್ತದೆ.

ಇಷ್ಟು ದೊಡ್ಡ ಕೋಚ್‌ಗೆ ಒಂದು ಸಣ್ಣ ಅಭ್ಯಾಸವಿತ್ತು. ತಂಡವನ್ನು ಕಾರ್ಕಳದ ಕಡೆಗೆ ಕರೆದುಕೊಂಡು ಹೋಗಬೇಕಾದಾಗ ನೇರ ದಾರಿ ಬಿಟ್ಟು ಸುತ್ತು ದಾರಿ ಹಿಡಿಸುತ್ತಿದ್ದ. ಕಾಲೇಜು ಬಸ್ಸಿನ ಡ್ರೈವರ್ ಸುಲೈಮಾನ್ ಕೇಳಿದರೆ, "ಆ ರಸ್ತೆ ಸರಿ ಇಲ್ಲ ಮಾರಾಯ" ಎನ್ನುತ್ತಿದ್ದ. ರಸ್ತೆ ಚೆನ್ನಾಗಿಯೇ ಇತ್ತು. ಆದರೆ ಆ ದಾರಿಯಲ್ಲಿ ಎಂಟು ಕಿಲೋಮೀಟರ್ ಹೋದರೆ ಬೆಳುವಾಯಿ ಸಿಗುತ್ತದೆ, ಬೆಳುವಾಯಿಯಲ್ಲಿ ಗದ್ದೆಯ ಬದಿಗೆ ಇಳಿದರೆ ತುಕ್ರಪ್ಪನ ಮನೆ. ಲೋಕನಾಥನಿಗೆ ಆ ಮನೆಯ ಹಂಚು ದೂರದಿಂದ ಕಾಣುವುದೂ ಬೇಡವಾಗಿತ್ತು.

ಅವನು ಈ ಕುರ್ಚಿಗೆ ಸುಲಭವಾಗಿ ಬಂದವನಲ್ಲ, ಅದನ್ನು ಮೊದಲೇ ಹೇಳಬೇಕು. ಕಾಲೇಜಿನಲ್ಲಿ ಒಳ್ಳೆಯ ಆಟಗಾರ. ರಾಜ್ಯ ತಂಡದ ಬಾಗಿಲ ತನಕ ಹೋಗಿ ಮರಳಿದವನು. ಬಿ.ಪಿ.ಎಡ್ ಮಾಡಿ ಬೆಳ್ತಂಗಡಿಯ ಒಂದು ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಪಿ.ಟಿ. ಮಾಸ್ಟ್ರಾಗಿದ್ದ. ಅಲ್ಲಿ ಬಾಸ್ಕೆಟ್ ಕಂಬವೇ ಇರಲಿಲ್ಲ. ಗ್ಯಾರೇಜಿನಿಂದ ಕಬ್ಬಿಣದ ಬಳೆ ತಂದು ತೆಂಗಿನ ಮರಕ್ಕೆ ಬಿಗಿದು ಮಕ್ಕಳಿಗೆ ಚೆಂಡು ಹಾಕಲು ಕಲಿಸಿದ. ಆಮೇಲೆ ಬಂಟ್ವಾಳದ ಕಾಲೇಜು. ಅಲ್ಲಿ ಒಂಬತ್ತು ವರ್ಷ ತಾತ್ಕಾಲಿಕ. ಜೂನ್‌ನಲ್ಲಿ ಆರ್ಡರ್ ಕೊಡುವುದು, ಮಾರ್ಚಿನಲ್ಲಿ ನಮಸ್ಕಾರ ಹೇಳುವುದು. ಮದುವೆ ಮನೆ, ಗೃಹಪ್ರವೇಶ, ಎಲ್ಲಿಗೆ ಹೋದರೂ ನೆಂಟರದ್ದು ಒಂದೇ ಪ್ರಶ್ನೆ: "ಕೆಲಸ ಗಟ್ಟಿ ಆಯ್ತಾ ಲೋಕಣ್ಣ?" ಹೆಂಡತಿ ಕಾಂತಿ ಆ ಪ್ರಶ್ನೆಗೆ ಹೆದರಿಯೇ ಎಷ್ಟೋ ಊಟಗಳಿಗೆ ಹೋಗದೆ ತಲೆನೋವು ಎಂದು ಮಲಗಿದ್ದಳು.

ಇನ್ನೊಂದು ಸಂಕಟವಿತ್ತು. ನಮ್ಮ ಕಡೆ ದೊಡ್ಡ ಕಾಲೇಜುಗಳು ಆಟಗಾರರನ್ನು ದತ್ತು ತೆಗೆದುಕೊಳ್ಳುತ್ತವೆ. ಊಟ, ಹಾಸ್ಟೆಲು, ಫೀಸು ಎಲ್ಲ ಉಚಿತ. ಆಡಿ ಗೆದ್ದುಕೊಟ್ಟರೆ ಸಾಕು. ಬಡ ಮಕ್ಕಳಿಗೆ ಅದು ವರವೇ. ಆದರೆ ಬಂಟ್ವಾಳದ ಪಾಚಿ ಹಿಡಿದ ಕೋರ್ಟಿನಲ್ಲಿ ಲೋಕನಾಥ ಒಬ್ಬೊಬ್ಬರನ್ನೇ ತಿದ್ದಿ ತೀಡಿ ನಿಲ್ಲಿಸುವಷ್ಟರಲ್ಲಿ ಮೂಡುಬಿದಿರೆಯಿಂದ ಜನ ಬಂದು ಕರೆದುಕೊಂಡು ಹೋಗುತ್ತಿದ್ದರು. ಕೋಳಿ ಸಾಕಿದ್ದು ಇವನು, ಸಾರು ಅವರ ಮನೆಯಲ್ಲಿ. ಹೋಗದೆ ಉಳಿದವಳು ವಿಜೇತಾ ಒಬ್ಬಳೇ. ಬಿ.ಸಿ.ರೋಡಿನ ಬಸ್ ಏಜೆಂಟರೊಬ್ಬರ ಮಗಳು. ಐದಡಿ ಹನ್ನೊಂದು ಇಂಚು, ಗಾಳಿಯಲ್ಲಿ ಅರೆಗಳಿಗೆ ನಿಂತು ಚೆಂಡು ಹಾಕುವವಳು. ದತ್ತು ಕೇಳಲು ಬಂದವರಿಗೆ ಅವಳು, "ನಮ್ಮ ಸರ್ ಇಲ್ಲಿಯೇ ಇದ್ದಾರಲ್ಲ, ನಾನು ಎಲ್ಲಿಗೆ ಹೋಗುವುದು?" ಎಂದಿದ್ದಳು. ಆ ಮಾತು ಕೇಳಿ ಲೋಕನಾಥ ಅಂದು ಕೋರ್ಟಿನ ಹಿಂದೆ ಹೋಗಿ ಕಣ್ಣೊರಸಿಕೊಂಡಿದ್ದ. ಅದೇ ಹುಡುಗಿಗೆ ಅವನು ಮಾಡಿದ್ದನ್ನು ಈಗ ಹೇಳುತ್ತೇನೆ.

ಹದಿಮೂರು ವರ್ಷದ ಹಿಂದಿನ ಸೆಪ್ಟೆಂಬರ್. ಮೂಡುಬಿದಿರೆಯ ಕೋಚ್ ಕೆಲಸ ಬಿಟ್ಟು ಮಸ್ಕತ್ತಿಗೆ ಹೊರಟಿದ್ದ. ಅಲ್ಲಿಯ ಆಡಳಿತದವರು ಲೋಕನಾಥನನ್ನು ಕರೆಸಿ ಚಹಾ ಕೊಟ್ಟು, "ಅಂತರ ಕಾಲೇಜಿನಲ್ಲಿ ನಿಮ್ಮ ಹುಡುಗಿಯರನ್ನು ಫೈನಲಿನ ತನಕ ತನ್ನಿ, ನೋಡುವ. ಮತ್ತೆ ಮಾತಾಡುವ" ಎಂದರು. ಟೂರ್ನಮೆಂಟಿಗೆ ಮೂರು ದಿನ ಇದ್ದಾಗ ವಿಜೇತಾ ಅಭ್ಯಾಸದಲ್ಲಿ ಹಾರಿ ಇಳಿಯುವಾಗ ಕಾಲು ತಿರುಚಿತು. ಎಡ ಮೊಣಕಾಲು ಸಂಜೆಗೆ ಹಲಸಿನ ಕಾಯಿಯಷ್ಟಾಯಿತು.

ಬೇರೆ ಊರಿನವರಾದರೆ ಆಸ್ಪತ್ರೆಗೆ ಓಡುತ್ತಿದ್ದರೋ ಏನೋ. ನಮ್ಮಲ್ಲಿ ಕೈಕಾಲು ತಿರುಚಿದರೆ ಮೊದಲ ಮಾತೇ, "ಉಳುಕು ತೆಗೆಸುವ." ಉಳುಕು ತೆಗೆಯುವುದರಲ್ಲಿ ಬೆಳುವಾಯಿಯ ತುಕ್ರಪ್ಪನ ಹೆಸರು ಮೂರು ತಾಲೂಕಿಗೆ ಗೊತ್ತು. ಕಂಬಳದ ಕೋಣ ಓಡಿಸುವವರು, ತೆಂಗಿನ ಮರದಿಂದ ಬಿದ್ದವರು, ವಾಲಿಬಾಲ್ ಹುಡುಗರು, ಎಲ್ಲರೂ ಅವನ ಜಗಲಿಯಲ್ಲಿ ಕೂತು ಅತ್ತು ನಗುತ್ತ ಎದ್ದು ಹೋದವರೇ. ದುಡ್ಡು ಕೇಳುವವನಲ್ಲ, ಎಲೆ ಅಡಿಕೆ ಇಟ್ಟರೆ ಸಾಕು. ಲೋಕನಾಥ ಮಾರನೆಯ ದಿನ ವಿಜೇತಾಳನ್ನೂ ಜೊತೆಗೆ ತಂಡದ ಇನ್ನೊಬ್ಬಳನ್ನೂ ರಿಕ್ಷಾದಲ್ಲಿ ಕೂರಿಸಿ ಅಲ್ಲಿಗೆ ಕರೆದುಕೊಂಡು ಹೋದ. ಆಸ್ಪತ್ರೆಗೆ ಹೋದರೆ ಪ್ಲಾಸ್ಟರ್ ಹಾಕುತ್ತಾರೆ ಎಂಬ ಲೆಕ್ಕವೂ ಅದರಲ್ಲಿತ್ತು.

ತುಕ್ರಪ್ಪ ಹುಡುಗಿಯ ಮೊಣಕಾಲು ಮಡಚಿಸಿದ. ಅವಳ ಪಾದ ಅಲುಗದಂತೆ ತನ್ನ ತೊಡೆಯಡಿ ಒತ್ತಿ ಹಿಡಿದು, ಮೊಣಚಿಪ್ಪಿನ ಕೆಳಗೆ ಎರಡು ಹೆಬ್ಬೆರಳಿಟ್ಟು ಮೆಲ್ಲಗೆ ಮುಂದಕ್ಕೆ ಎಳೆದ. ಎಲುಬು ಸಡಿಲಾದ ಮೇಜಿನ ಖಾನೆಯ ಹಾಗೆ ಮುಂದೆ ಬಂತು. ತುಕ್ರಪ್ಪ ಕೈ ತೆಗೆದ. ಎಣ್ಣೆ ಮುಟ್ಟಲಿಲ್ಲ, ತಿಕ್ಕಲಿಲ್ಲ. ಎದ್ದು ಅಂಗಳಕ್ಕಿಳಿದು ದನದ ಹಟ್ಟಿಯ ಹತ್ತಿರ ಹೋಗಿ ಲೋಕನಾಥನನ್ನು ಕರೆದ. ತುಳುವಿನಲ್ಲಿ, ತಗ್ಗಿದ ದನಿಯಲ್ಲಿ ಹೇಳಿದ: "ಇದು ಉಳುಕಲ್ಲ ಮಾಸ್ಟ್ರೇ. ಎಲುಬು ಹಿಡಿದಿಡುವ ಒಳಗಿನ ಬಳ್ಳಿ ಕಡಿದಿದೆ. ನನ್ನ ಕೈಯ ಕೆಲಸ ಅಲ್ಲ. ಇವತ್ತೇ ಮಂಗಳೂರಿಗೆ ಕರ್ಕೊಂಡು ಹೋಗಿ. ಈ ಕಾಲಲ್ಲಿ ಆಡಿಸಿದರೆ ಹುಡುಗಿ ಮತ್ತೆ ಆಡುವುದಿಲ್ಲ."

ಲೋಕನಾಥ ಆ ಹಟ್ಟಿಯ ಬದಿಯಲ್ಲಿ ಅವನ ಕೈ ಹಿಡಿದುಕೊಂಡ. "ಇನ್ನು ಎರಡು ದಿನ ತುಕ್ರಪ್ಪಣ್ಣ. ಒಂದು ಟೂರ್ನಮೆಂಟ್. ಅವಳು ಆಡದಿದ್ದರೆ ನನ್ನ ಕೆಲಸ ಹೋಯ್ತು. ಒಂಬತ್ತು ವರ್ಷ ಆಯ್ತು, ಇನ್ನೂ ಗಟ್ಟಿ ಆಗ್ಲಿಲ್ಲ. ನೀವು ಯಾರ ಹತ್ತಿರವೂ ಹೇಳಬೇಡಿ. ನನ್ನ ಹೊಟ್ಟೆಗೆ ಹೊಡೀಬೇಡಿ."

ತುಕ್ರಪ್ಪ ಕೈ ಬಿಡಿಸಿಕೊಂಡ. "ನಾನು ಹೇಳುವುದನ್ನು ನಿಮಗೆ ಹೇಳಿದ್ದೇನೆ. ನಿಮ್ಮ ಹೊಟ್ಟೆಗೆ ಹೊಡೆಯುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಮಗುವಿಗೆ ಹೇಳುವುದು ನಿಮ್ಮ ಕೆಲಸ" ಎಂದು ಕರುವಿಗೆ ಹುಲ್ಲು ಹಾಕಲು ಹೋದ.

ಲೋಕನಾಥ ಜಗಲಿಗೆ ಬಂದು ಹೇಳಿದ: "ಬರೀ ಉಳುಕಂತೆ. ಎಣ್ಣೆ ಹಚ್ಚಿ ಕಟ್ಟಿದರೆ ಎರಡು ದಿನದಲ್ಲಿ ಸರಿ ಆಗ್ತದಂತೆ." ಎಣ್ಣೆಯನ್ನು ಮೂಡುಬಿದಿರೆಯ ಅಂಗಡಿಯೊಂದರಲ್ಲಿ ಹುಡುಗಿಯರ ಕಣ್ಣು ತಪ್ಪಿಸಿ ಕೊಂಡು, ತುಕ್ರಪ್ಪ ಕೊಟ್ಟದ್ದು ಎಂದ. ಸುಳ್ಳು ಒಂದೇ ಇರುವುದಿಲ್ಲ, ಅದಕ್ಕೆ ಜೊತೆ ಬೇಕು.

ವಿಜೇತಾ ಆಡಿದಳು. ನೋವಿನ ಮಾತ್ರೆ ನುಂಗಿ, ಬಿಗಿಯಾಗಿ ಪಟ್ಟಿ ಸುತ್ತಿ, ಮೂರು ಪಂದ್ಯ. ನಡುವೆ ಒಮ್ಮೆ ಲೋಕನಾಥ, "ಆಗದಿದ್ದರೆ ಕೂತ್ಕೊ, ಬೇರೆಯವರನ್ನು ಇಳಿಸ್ತೇನೆ" ಎಂದಿದ್ದ. ಕೂರುವುದಿಲ್ಲ ಎಂದು ಗೊತ್ತಿದ್ದೇ ಹೇಳಿದ ಮಾತು. ಫೈನಲಿನ ಕೊನೆಯ ನಾಲ್ಕು ನಿಮಿಷ ಇರುವಾಗ ಅವಳು ಬಿದ್ದಳು, ಮತ್ತೆ ತಾನಾಗಿ ಏಳಲಿಲ್ಲ. ತಂಡ ಎರಡು ಅಂಕದಲ್ಲಿ ಸೋತಿತು. ಆದರೆ ಆಡಳಿತದವರು ಕೈ ಕುಲುಕಿ, "ಇಂಥ ಹೋರಾಟ ನಾವು ನೋಡಿಯೇ ಇಲ್ಲ" ಎಂದರು. ಆ ತಿಂಗಳಲ್ಲೇ ಮೂಡುಬಿದಿರೆಯಲ್ಲಿ ಲೋಕನಾಥನ ಕೆಲಸ ಗಟ್ಟಿಯಾಯಿತು.

ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು, "ಮೊದಲು ಎಲ್ಲಿ ತೋರಿಸಿದ್ದು?" ಬೆಳುವಾಯಿಯಲ್ಲಿ ಉಳುಕು ತೆಗೆಸಿದ್ದು, ಎಳೆದು ನೋಡಿ ಎಣ್ಣೆ ಕೊಟ್ಟರು ಎಂದಳು ಹುಡುಗಿ. ಡಾಕ್ಟರ್ ತಲೆ ಚಚ್ಚಿಕೊಂಡು, "ಅವ ಎಳೆದೇ ಪೂರ್ತಿ ಹಾಳು ಮಾಡಿದ್ದಾನೆ" ಎಂದುಬಿಟ್ಟರು. ಮಂಚದ ಕಾಲಬುಡದಲ್ಲಿ ನಿಂತಿದ್ದ ಲೋಕನಾಥ ಕಿಟಕಿಯ ಹೊರಗೆ ನೋಡಿದ. ಎರಡು ತಿಂಗಳ ನಂತರ ವಿಜೇತಾಳ ಅಪ್ಪ ಜೀಪು ಮಾಡಿಕೊಂಡು ಬೆಳುವಾಯಿಗೆ ಹೋಗಿ, ತುಕ್ರಪ್ಪನಿಗೆ ಅವನದೇ ಅಂಗಳದಲ್ಲಿ ಕೆನ್ನೆಗೆ ಬಾರಿಸಿದ ಸುದ್ದಿಯೂ ಲೋಕನಾಥನಿಗೆ ಬಂತು. ತುಕ್ರಪ್ಪ ಒಂದು ಮಾತೂ ಆಡಲಿಲ್ಲವಂತೆ. ಅಂದಿನಿಂದ ಅವನ ಜಗಲಿಗೆ ಜನ ಕಡಿಮೆಯಾದರು. ಆಮೇಲೆ ಯಾರೂ ಬರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಅಡಿಕೆ ತಿಂದವನು ಒಬ್ಬ, ಮಾನ ಹೋದದ್ದು ಇನ್ನೊಬ್ಬನದು.

ಈಗ ಈ ವರ್ಷದ ಮೇ ತಿಂಗಳಿಗೆ ಬರೋಣ. ಲೋಕನಾಥನಿಗೆ ಇದು ಕೊನೆಯ ವರ್ಷ. ಈ ಸಲವೂ ಕಪ್ಪು ಬಂದರೆ ಇನ್ನೆರಡು ವರ್ಷ ಮುಂದುವರಿಸುವ ಎಂದು ಆಡಳಿತದವರು ಹೇಳಿದ್ದರು. ತಂಡಕ್ಕೆ ಎತ್ತರದ ಒಬ್ಬ ಹುಡುಗಿ ಬೇಕಿತ್ತು. ಬೆಳ್ತಂಗಡಿಯಲ್ಲಿ ಶುಭಶ್ರೀ ಎಂಬವಳಿದ್ದಾಳೆ, ಆರಡಿ, ಈ ವರ್ಷ ಪಿಯುಸಿ ಮುಗಿಸಿದ್ದಾಳೆ ಎಂದು ತಿಳಿಯಿತು. ಅವಳಿಗೆ ಕಲಿಸಿದವಳು ಯಾರೆಂದು ಕೇಳಿದರೆ, ವಿಜೇತಾ. ಬಿ.ಪಿ.ಎಡ್ ಮಾಡಿ ಅಲ್ಲಿಯ ಕಾಲೇಜಿನಲ್ಲಿ ದೈಹಿಕ ಶಿಕ್ಷಕಿಯಾಗಿ ಆರು ವರ್ಷವಾಗಿತ್ತು. ಹೋಗದಿರಲು ಲೋಕನಾಥ ಎರಡು ವಾರ ನೆಪ ಹುಡುಕಿದ. ದತ್ತು ಪಟ್ಟಿಗೆ ಟ್ರಯಲ್ಸ್ ಗುರುವಾರವೆಂದು ಗೊತ್ತಾದ ಮೇಲೆ ಸೋಮವಾರ ಬೆಳಿಗ್ಗೆ ಹೊರಟ.

ವಿಜೇತಾ ಅವನನ್ನು ಕಂಡವಳೇ ಓಡುವ ಹಾಗೆ ಬಂದಳು. ಎಡಗಾಲನ್ನು ಬದಿಗೆ ಚಾಚಿ, ಬಲ ಮೊಣಕಾಲನ್ನು ಮಾತ್ರ ಮಡಚಿ ಬಗ್ಗಿ ಅವನ ಕಾಲು ಮುಟ್ಟಿದಳು. "ಬೇಡ ಬೇಡ" ಎನ್ನುವಷ್ಟರಲ್ಲಿ ಮುಟ್ಟಿಯಾಗಿತ್ತು.

"ಶುಭಶ್ರೀಯನ್ನು ಐದು ಕಡೆಯವರು ಕೇಳಿದ್ರು ಸರ್. ನಾನು ಕೊಡ್ಲಿಲ್ಲ. ಕಳಿಸಿದರೆ ನಿಮ್ಮ ಹತ್ತಿರವೇ ಅಂತ ಅವಳ ಅಮ್ಮನ ಹತ್ತಿರ ಹೇಳಿದ್ದೇನೆ," ಎಂದಳು. "ನಾನು ಹಟ ಮಾಡಿ ಕಾಲು ಕಳ್ಕೊಂಡೆ. ನೀವು ಕೂತ್ಕೊ ಅಂತ ಹೇಳಿದ್ದಿರಿ, ನಾನು ಕೇಳ್ಲಿಲ್ಲ. ಇವಳಿಗೆ ದಿನಾ ಅದನ್ನೇ ಹೇಳುವುದು, ಕೋಚ್ ಹೇಳಿದ್ದನ್ನು ಕೇಳಬೇಕು ಅಂತ."

ಅವಳು ತರಿಸಿಕೊಟ್ಟ ನೀರು ಕುಡಿಯುತ್ತಿದ್ದ ಲೋಕನಾಥನಿಗೆ ಅದು ನೆತ್ತಿಗೇರಿತು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೈಗುಳಕ್ಕೆ ಅವನು ತಯಾರಾಗಿಯೇ ಬಂದಿದ್ದ.

ಅಷ್ಟರಲ್ಲಿ ಶುಭಶ್ರೀ ಬಂದಳು. ಕುಂಟುತ್ತಿದ್ದಳು. ಬಲ ಮೊಣಕಾಲು ಊದಿಕೊಂಡಿತ್ತು.

"ನಿನ್ನೆ ಬಿದ್ದಿದ್ದಾಳೆ ಸರ್," ಎಂದಳು ವಿಜೇತಾ. "ಅವಳ ಅಮ್ಮ ಉಳುಕು ತೆಗೆಸುವ ಅಂದ್ರು. ನಾನು ಬಿಡ್ಲಿಲ್ಲ. ನನ್ನ ಜನ್ಮಕ್ಕೆ ಆ ತುಕ್ರಪ್ಪ ಒಬ್ಬನೇ ಸಾಕು." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಲೋಕನಾಥನ ಕೈ ತಾನಾಗಿ ಕುತ್ತಿಗೆಯ ವಿಸಿಲಿಗೆ ಹೋಯಿತು. ಅವಳು ಮುಂದುವರಿಸಿದಳು: "ನೀವೇ ನೋಡಿ ಹೇಳಿ. ಗುರುವಾರ ಆಡಬಹುದು ಅಂದ್ರೆ ಆಡ್ತಾಳೆ. ಬೇಡ ಅಂದ್ರೆ ಬೇಡ."

"ಬಿದ್ದಾಗ ಒಳಗೆ ಸದ್ದು ಬಂತಾ?" ಎಂದು ಲೋಕನಾಥ ಹುಡುಗಿಯನ್ನು ಕೇಳಿದ.

"ಟಪ್ ಅಂತ ಬಂತು ಸರ್. ಆದ್ರೆ ಈಗ ನಡೀಲಿಕ್ಕೆ ಆಗ್ತದೆ. ನಾನು ಆಡ್ತೇನೆ ಸರ್."

ಅವನಿಗೆ ಎಲ್ಲ ದಾರಿಗಳೂ ಒಮ್ಮೆಗೇ ಕಂಡವು. ಟ್ರಯಲ್ಸ್ ಎಂದರೆ ಇಪ್ಪತ್ತು ನಿಮಿಷ. ಬಿಗಿಯಾಗಿ ಪಟ್ಟಿ ಕಟ್ಟಿದರೆ ನಡೆದೀತು. ಪಟ್ಟಿಯಲ್ಲಿ ಹೆಸರು ಬರಲಿ, ಕಾಲಿನದ್ದು ಆಮೇಲೆ ನೋಡಿಕೊಳ್ಳುವ. ಕಾಲೇಜಿನಿಂದಲೇ ಆಪರೇಶನ್ ಮಾಡಿಸಿದರೂ ಆಯಿತು. ಅದೂ ಹುಡುಗಿಗೆ ಉಪಕಾರವೇ ಅಲ್ಲವೇ? ಮನಸ್ಸು ಎಂಬುದು ಎಂಥ ವಕೀಲ ನೋಡಿ, ಕೇಳುವ ಮೊದಲೇ ವಾದ ತಯಾರು.

ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ ಮೊಣಕಾಲು ಮಡಚಿಸಿದ. ಪಾದವನ್ನು ತನ್ನ ತೊಡೆಯಡಿ ಒತ್ತಿ ಹಿಡಿದ. ಮೊಣಚಿಪ್ಪಿನ ಕೆಳಗೆ ಎರಡು ಹೆಬ್ಬೆರಳಿಟ್ಟು ಮೆಲ್ಲಗೆ ಎಳೆದ. ಎಲುಬು ಮುಂದೆ ಬಂತು. ಹದಿಮೂರು ವರ್ಷದ ಹಿಂದೆ ಬೆಳುವಾಯಿಯ ಜಗಲಿಯಲ್ಲಿ ಕಣ್ಣಿಂದ ಕಂಡದ್ದು ಈಗ ಅವನ ಬೆರಳಿಗೇ ಗೊತ್ತಾಯಿತು.

"ಇದು ಉಳುಕಲ್ಲ," ಎಂದ. "ಒಳಗಿನ ಬಳ್ಳಿ ಕಡಿದಿದೆ. ಇವತ್ತೇ ಮಂಗಳೂರಿಗೆ ಕರ್ಕೊಂಡು ಹೋಗು. ಗುರುವಾರ ಇಲ್ಲ. ಈ ವರ್ಷವೇ ಇಲ್ಲ."

ಶುಭಶ್ರೀ ಬಿಕ್ಕಿ ಬಿಕ್ಕಿ ಅಳತೊಡಗಿದಳು. ವಿಜೇತಾ ಅವಳ ತಲೆಯ ಮೇಲೆ ಕೈ ಇಟ್ಟಳು. ಆದರೆ ನೋಡುತ್ತಿದ್ದುದು ಲೋಕನಾಥನ ಹೆಬ್ಬೆರಳುಗಳನ್ನು.

"ಮಂಗಳೂರಿನ ಡಾಕ್ಟರೂ ನನ್ನ ಕಾಲನ್ನು ಹೀಗೇ ಹಿಡಿದು ನೋಡಿದ್ದು," ಎಂದಳು ನಿಧಾನವಾಗಿ. "ತುಕ್ರಪ್ಪನೂ ಹೀಗೇ ಹಿಡಿದದ್ದು. ಒಂದೇ ಸಲ. ಆಮೇಲೆ ಕೈ ತೆಗೆದ್ರು." ಕಣ್ಣೆತ್ತಿ ಅವನ ಮುಖ ನೋಡಿದಳು. "ಹಾಗಾದ್ರೆ ಅವರಿಗೆ ಅವತ್ತೇ ಗೊತ್ತಾಗಿತ್ತಾ ಸರ್?"

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ನಾಲಗೆ ಅದಕ್ಕೆ ಸಿದ್ಧವೂ ಆಗಿತ್ತು. ಆದರೆ ಬೆಂಚಿನ ಮೇಲೆ ಹುಡುಗಿ ಅಳುತ್ತಿದ್ದಳು, ಅವಳ ಪಾದ ಇನ್ನೂ ಇವನ ತೊಡೆಯ ಅಡಿಯಲ್ಲೇ ಇತ್ತು.

"ಗೊತ್ತಾಗಿತ್ತು," ಎಂದ ಲೋಕನಾಥ. "ಹಟ್ಟಿಯ ಹತ್ತಿರ ಕರ್ಕೊಂಡು ಹೋಗಿ ನನ್ನ ಹತ್ತಿರ ಹೇಳಿದ್ರು. ಆಡಿಸಬೇಡಿ ಅಂದ್ರು. ನಾನೇ ನಿನ್ನ ಹತ್ತಿರ ಉಳುಕು ಅಂದದ್ದು. ಎಣ್ಣೆ ಕೂಡ ಅವರದ್ದಲ್ಲ, ಅಂಗಡಿಯದ್ದು. ಅವರು ಎಳೆದು ನಿನ್ನ ಕಾಲು ಹಾಳಾದದ್ದಲ್ಲ ವಿಜೇತಾ. ನನಗೆ ಕೆಲಸ ಬೇಕಿತ್ತು."

ಅವಳು ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತಳು, ಎಡಗಾಲು ಉದ್ದಕ್ಕೆ ಚಾಚಿಕೊಂಡು. ಲೋಕನಾಥ ಕಾದ. ಅವಳು ಬಾಯಿ ತೆರೆದಾಗ ಬಂದದ್ದು ಅವನು ಎಣಿಸಿದ ಮಾತಲ್ಲ.

"ಅಪ್ಪ ಅವರಿಗೆ ಹೊಡೆಯುವಾಗ ನಾನು ಜೀಪಿನಲ್ಲಿ ಕೂತಿದ್ದೆ. ಇಳೀಲಿಕ್ಕೆ ಆಗ್ತಿರಲಿಲ್ಲ. ಅಲ್ಲಿಂದಲೇ ಬೊಬ್ಬೆ ಹಾಕಿದೆ, ನಿಮ್ಮ ಕೈ ಬಿದ್ದು ಹೋಗಲಿ ಅಂತ." ಚಾಚಿದ ಕಾಲಿನ ಮೇಲೆ ಕೈ ಇಟ್ಟಳು. "ಕಾಲು ನನ್ನದು, ಹೋದರೆ ಹೋಯ್ತು. ಆ ಮಾತನ್ನು ನಾನೀಗ ಎಲ್ಲಿ ಕೊಂಡು ಹೋಗಿ ಹಾಕುವುದು?"

ಸರ್ ಎಂಬ ಮಾತು ಅದರಲ್ಲಿ ಇರಲಿಲ್ಲ. ಲೋಕನಾಥನಿಗೆ ಅದು ಗೊತ್ತಾಯಿತು.

ಸ್ವಲ್ಪ ಹೊತ್ತಿನ ನಂತರ, "ಅವರು ಇದ್ದಾರಾ?" ಎಂದು ಕೇಳಿದಳು. ಲೋಕನಾಥ ಗೊತ್ತಿಲ್ಲವೆಂದ. ತನ್ನ ಕಾಲೇಜಿನಿಂದ ಎಂಟು ಕಿಲೋಮೀಟರ್ ದೂರದಲ್ಲಿದ್ದ ಮನುಷ್ಯ ಬದುಕಿದ್ದಾನೋ ಇಲ್ಲವೋ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಶುಭಶ್ರೀಯ ಸ್ಕ್ಯಾನಿನಲ್ಲಿ ಬೆರಳು ಹೇಳಿದ್ದೇ ಬಂತು. ಬೇಗ ಬಂದದ್ದು ಒಳ್ಳೆಯದಾಯಿತು, ಮುಂದಿನ ವರ್ಷ ಆಡಬಹುದು ಎಂದರಂತೆ ಡಾಕ್ಟರು. ಗುರುವಾರದ ಟ್ರಯಲ್ಸ್ ಅವಳಿಲ್ಲದೆ ಮುಗಿಯಿತು. ಲೋಕನಾಥನಿಗೆ ಸಿಗಬೇಕಿದ್ದ ಇನ್ನೆರಡು ವರ್ಷವೂ ಅದರೊಂದಿಗೆ ಹೋಯಿತೆಂದು ಅವನಿಗೆ ಆವತ್ತೇ ತಿಳಿದಿತ್ತು. ಶನಿವಾರ ಸಂಜೆ ವಿಜೇತಾಳ ಫೋನು ಬಂತು. "ನಾಳೆ ಬೆಳುವಾಯಿಗೆ ಹೋಗ್ತೇನೆ. ನೀವೂ ಬನ್ನಿ" ಎಂದಳು, ಅಷ್ಟೇ.

ತುಕ್ರಪ್ಪ ಇದ್ದ. ಎಂಬತ್ತು ದಾಟಿತ್ತು. ಎರಡೂ ಕಣ್ಣುಗಳಲ್ಲಿ ಪೊರೆ ಬಂದು ದೃಷ್ಟಿ ಹೋಗಿತ್ತು. ಜನ ಕೂರುತ್ತಿದ್ದ ಆ ಉದ್ದ ಜಗಲಿಯಲ್ಲಿ ಒಬ್ಬನೇ ಗೋಡೆಗೊರಗಿ ಕೂತಿದ್ದ. ಸೊಸೆ ಇವರನ್ನು ಕಂಡು, ವಿಜೇತಾಳ ಕುಂಟು ನಡಿಗೆ ನೋಡಿ ಗುರುತು ಹಿಡಿದಿರಬೇಕು. ಬನ್ನಿ ಎನ್ನದೆ ಒಳಗೆ ಹೋದಳು. ವಿಜೇತಾ ಮೊದಲು ನೋಡಿದ್ದು ಮುದುಕನ ಕೈಗಳನ್ನು. ಎರಡೂ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

"ಅಜ್ಜ, ನಾನು ಬಿ.ಸಿ.ರೋಡಿನ ಬಸ್ ಏಜೆಂಟರ ಮಗಳು," ಎಂದಳು ತುಳುವಿನಲ್ಲಿ. "ಬಾಸ್ಕೆಟ್‌ಬಾಲಿನವಳು."

ತುಕ್ರಪ್ಪ ಕೈ ಚಾಚಿದ. "ಎಲ್ಲಿ, ಕಾಲು ಕೊಡು."

ಅವಳು ಎಡಗಾಲನ್ನು ಅವನ ಮುಂದೆ ನೀಡಿದಳು. ಮುದುಕ ಮೊಣಕಾಲಿನ ಸುತ್ತ ಹೆಬ್ಬೆರಳಾಡಿಸಿದ, ಆಪರೇಶನ್ನಿನ ಗೆರೆಯ ಮೇಲೆ ನಿಲ್ಲಿಸಿದ. "ಕೊಯ್ದಿದ್ದಾರೆ. ಒಳ್ಳೆಯದೇ ಮಾಡಿದ್ದಾರೆ. ಮೆಟ್ಟಿಲಿಳಿಯುವಾಗ ನೋವುಂಟಾ?"

"ಉಂಟು ಅಜ್ಜ," ಎಂದವಳು ಅವನ ಕೈಗಳೆರಡನ್ನೂ ಹಿಡಿದು ಹಣೆಗೊತ್ತಿಕೊಂಡು ಅತ್ತಳು. "ನಾನು ನಿಮಗೆ ಶಾಪ ಹಾಕಿದೆ."

"ಅದು ನನಗೆ ಕೇಳಿಸಲಿಲ್ಲ ಮಗಾ. ನಿನ್ನ ಅಪ್ಪನ ಕೈ ಭಾರ, ಕಿವಿಯಲ್ಲಿ ಗುಂಯ್ ಅಂತಿತ್ತು," ಎಂದು ಮುದುಕ ಹಲ್ಲಿಲ್ಲದ ಬಾಯಲ್ಲಿ ನಕ್ಕ. ಮತ್ತೆ ತಲೆ ಎತ್ತಿ ಅಂಗಳದ ಕಡೆಗೆ ಕಿವಿಗೊಟ್ಟ. "ಯಾರೋ ನಿಂತಿದ್ದಾರಲ್ಲ. ಮಾಸ್ಟ್ರಾ?"

ವಿಜೇತಾ ತಿರುಗಿ ಲೋಕನಾಥನನ್ನು ನೋಡಿದಳು. ಅವನ ಪರವಾಗಿ ಉತ್ತರ ಕೊಡಲಿಲ್ಲ.

"ಹೌದು ತುಕ್ರಪ್ಪಣ್ಣ. ನಾನು," ಎಂದ ಲೋಕನಾಥ.

ಮುದುಕನ ಮುಖ ಅರಳಿತು. ಬಹಳ ದಿನದಿಂದ ಕೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಅದು ಎಂದು ಕೇಳಿದವರಿಗೆ ತಿಳಿಯುವಂತಿತ್ತು.

"ಕೆಲಸ ಗಟ್ಟಿ ಆಯ್ತಾ ಮಾಸ್ಟ್ರೇ?"

ಲೋಕನಾಥ ಹತ್ತಿರ ಬಂದು ಅಂಗಳದಲ್ಲೇ, ಜಗಲಿಯ ಕೆಳಗೆ ಕೂತ. "ಆಯ್ತು ತುಕ್ರಪ್ಪಣ್ಣ," ಎಂದ. "ಈ ವರ್ಷಕ್ಕೆ ಮುಗೀತದೆ."

"ಒಳ್ಳೆಯದಾಯ್ತು," ಎಂದ ತುಕ್ರಪ್ಪ. "ನಾನು ಯಾರ ಹತ್ತಿರವೂ ಹೇಳ್ಲಿಲ್ಲ."